ಬಿಲ್ಲಿನಲ್ಲಿ ಒಂದೇ ಒಂದು ಸಾಲು ಮಲಯಾಳ: ಈ ಕಡತ ಯಾವ ಮಾಡ್ಯೂಲಿನದು ಎಂದು ಹಿಡಿಯುವುದು ಹೇಗೆ?

ಚಾಲಿಅಡಿಕೆ | ಸೋಮವಾರ, ರಾತ್ರಿ 9.40

ಮೂರು ದಿನದಿಂದ ತಲೆ ಕೆಟ್ಟುಹೋಗಿದೆ, ಗೊತ್ತಿದ್ದವರು ದಾರಿ ತೋರಿಸಿ.

ನಮ್ಮ ಕಾಸರಗೋಡು ಕಡೆಯ ಒಂದು ಸಹಕಾರಿ ಸಂಘದ ಅಡಿಕೆ ಖರೀದಿ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಜಾವಾ 8. ತೂಕ, ಬಿಲ್, ಸದಸ್ಯ, ವರದಿ ಎಂದು ನಾಲ್ಕು ಮಾಡ್ಯೂಲುಗಳು, ಒಂದೊಂದಕ್ಕೂ ಒಂದೊಂದು ಜಾರ್ ಕಡತ (ಕೋಡನ್ನೂ ಅದಕ್ಕೆ ಬೇಕಾದ ಕಡತಗಳನ್ನೂ ಕಟ್ಟಿಟ್ಟ ಗಂಟು). ಮೂರು ಬಳುವಳಿಯಾಗಿ ಬಂದವು, ಒಂದಕ್ಕೆ ನಾನೂ ಕೈ ಹಾಕಿದ್ದೇನೆ. ಮೂಲದಲ್ಲಿ ತೆಂಕಣ ಜಿಲ್ಲೆಯವರು ಯಾರೋ ಮಲಯಾಳದಲ್ಲಿ ಮಾಡಿದ್ದು. ಕನ್ನಡ ಆಮೇಲೆ ಸೇರಿದ್ದು. ಪರದೆಯ ಮೇಲೆ, ಬಿಲ್ಲಿನ ಮೇಲೆ ಕಾಣುವ ಮಾತುಗಳೆಲ್ಲ 'ಮೆಸೇಜಸ್' ಎಂಬ ಪ್ರಾಪರ್ಟೀಸ್ ಕಡತದಲ್ಲಿವೆ. ಅದರ ಒಂದೊಂದು ಸಾಲಿನಲ್ಲೂ ಒಂದು ಕೀಲಿ, ಎದುರಿಗೆ ಅದರ ಮಾತು. ಮಲಯಾಳದ್ದು ಬರಿ ಮೆಸೇಜಸ್, ಕನ್ನಡದ್ದಕ್ಕೆ ಹೆಸರಿನ ಕೊನೆಗೆ 'ಕೆಎನ್' ಎಂಬ ಬಾಲ.

ಕುಂಬಳೆ ಶಾಖೆಯಲ್ಲಿ ಬಿಲ್ಲು ಅಚ್ಚುಕಟ್ಟಾಗಿ ಬರುತ್ತದೆ. ಬದಿಯಡ್ಕದಲ್ಲಿ ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆ ದರ್ಜೆಗಳೆಲ್ಲ ಕನ್ನಡದಲ್ಲಿ ಬಂದು, ಕಟ್ಟಕಡೆಗೆ 'ಒಟ್ಟು ಮೊತ್ತ' ಇರಬೇಕಾದಲ್ಲಿ ಮಲಯಾಳ ಲಿಪಿಯಲ್ಲಿ 'ಆಕೆ ತುಕ' ಎಂದು ಬರುತ್ತದೆ. ಅದೇ ಜಾರ್‌ಗಳು, ಅದೇ ಆವೃತ್ತಿ, ಒಂದೇ ಪೆನ್‌ಡ್ರೈವಿನಿಂದ ಹಾಕಿದ್ದು. ನಿನ್ನೆ ಒಬ್ಬ ಹಿರಿಯರು ಬಿಲ್ಲನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಓದಲಾಗದೆ ಪಕ್ಕದವರಿಂದ ಓದಿಸಿಕೊಂಡು, "ತೂಕ ಮೇಲೆಯೇ ಇದೆಯಲ್ಲ, ಕೆಳಗೆ ಮತ್ತೆ ತೂಕ ಯಾಕೆ? ಇದು ಕಿಲೋವೋ ರೂಪಾಯಿಯೋ?" ಎಂದು ಗುಮಾಸ್ತರನ್ನು ತರಾಟೆಗೆ ತೆಗೆದುಕೊಂಡರು.

ಒಂದೇ ಹೆಸರಿನ ಕಡತ ಬೇರೆ ಮಾಡ್ಯೂಲಿನಲ್ಲೂ ಇದೆಯೇನೋ ಎಂಬ ಗುಮಾನಿ ನನ್ನದು. ಓಡುತ್ತಿರುವ ತಂತ್ರಾಂಶ ಎತ್ತಿಕೊಂಡ ಕಡತ ಯಾವ ಮಾಡ್ಯೂಲಿನದು ಎಂದು ಅದರ ಬಾಯಿಂದಲೇ ಹೇಳಿಸುವುದು ಹೇಗೆ?

ಮಂಜೇಶ್ವರ_ಲೋಕಲ್ | ಸೋಮವಾರ, ರಾತ್ರಿ 9.52

ಆಕೆ ಯಾರು? ಆಕೆಯ ತೂಕ ಎಷ್ಟು?

ಬೈಟುಬೈಟು | ಸೋಮವಾರ, ರಾತ್ರಿ 9.58

ಜಾವಾ ಶುರುಮಾಡುವಾಗ 'ವರ್ಬೋಸ್ ಕ್ಲಾಸ್' ಆಯ್ಕೆ ಕೊಡಿ. ಯಾವುದು ಎಲ್ಲಿಂದ ಬಂತು ಎಂದು ಸಾಲು ಸಾಲಾಗಿ ಹೇಳುತ್ತದೆ. ಇಷ್ಟಕ್ಕೆ ಮೂರು ದಿನವೇ?

ಪಯಸ್ವಿನಿ | ಸೋಮವಾರ, ರಾತ್ರಿ 10.15

ಬೈಟು ಅವರೇ, ಅದು ಕ್ಲಾಸುಗಳ, ಅಂದರೆ ಕೋಡಿನ ತುಂಡುಗಳ, ಜಾತಕ ಹೇಳುತ್ತದೆಯೇ ಹೊರತು ಪ್ರಾಪರ್ಟೀಸ್ ಕಡತದ್ದಲ್ಲ. ಪ್ರಾಪರ್ಟೀಸ್, ಚಿತ್ರ, ಟೆಂಪ್ಲೇಟ್ ಇವೆಲ್ಲ ಜಾವಾ ಪಾಲಿಗೆ ಬರಿಯ ಬೈಟುಗಳು. ಕ್ಲಾಸ್ ಆದರೆ ತಾನು ಹುಟ್ಟಿದ ಜಾಗವನ್ನು ಜೊತೆಗೇ ಹೊತ್ತುಕೊಂಡಿರುತ್ತದೆ: ಅದರ ಪ್ರೊಟೆಕ್ಷನ್‌ಡೊಮೇನ್ ಕೇಳಿ, ಅಲ್ಲಿಂದ ಕೋಡ್‌ಸೋರ್ಸ್ ಕೇಳಿದರೆ ಜಾರಿನ ವಿಳಾಸ ಸಿಗುತ್ತದೆ. ಓದಿ ಮುಗಿದ ಪ್ರಾಪರ್ಟೀಸ್‌ಗೆ ಅಂಥ ಹಣೆಬರಹ ಇಲ್ಲ.

ಚಾಲಿ ಅವರೇ, ಕ್ಲಾಸು, ಕಡತಗಳನ್ನು ಹುಡುಕಿ ತರುವ ಕ್ಲಾಸ್‌ಲೋಡರನ್ನೇ ಕೇಳಿ. ಗೆಟ್‌ರಿಸೋರ್ಸ್‌ಗೆ ಕಡತದ ಹೆಸರು ಕೊಟ್ಟರೆ ಒಂದು ಯುಆರ್‌ಎಲ್ ಬರುತ್ತದೆ. ಅದರ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ಅದರ ಎಡಕ್ಕಿರುವುದು ಜಾರ್, ಬಲಕ್ಕಿರುವುದು ಜಾರಿನೊಳಗಿನ ದಾರಿ. ನೆನಪಿಡಿ, ನೇರವಾಗಿ ಸ್ಟ್ರೀಮ್ ಕೊಡುವ ವಿಧಾನ ಬೇಡ. ಅದು ಹಾಲು ಕೊಡುತ್ತದೆ, ಹಸು ಯಾವುದೆಂದು ಹೇಳುವುದಿಲ್ಲ.

ಆಮೇಲೆ ಗೆಟ್‌ರಿಸೋರ್ಸಸ್ ಎಂದು ಬಹುವಚನದ್ದೂ ಒಂದಿದೆ. ಅದೇ ಹೆಸರಿನ ಕಡತ ಎಲ್ಲೆಲ್ಲಿ ಇದೆಯೋ ಅಷ್ಟನ್ನೂ ಸಾಲಾಗಿ ಕೊಡುತ್ತದೆ. ಸಾಲಿನಲ್ಲಿ ಮೊದಲು ನಿಂತದ್ದೇ ಗೆದ್ದದ್ದು, ಉಳಿದವು ಅದರ ನೆರಳಲ್ಲಿ. ಎರಡೂ ಶಾಖೆಯಲ್ಲಿ ಅಚ್ಚುಹಾಕಿಸಿ ಇಲ್ಲಿ ಹಾಕಿ.

ಮಂಜೇಶ್ವರ_ಲೋಕಲ್ | ಸೋಮವಾರ, ರಾತ್ರಿ 10.21

ಅಷ್ಟೆಲ್ಲ ಬೇಡ ಅಕ್ಕ. ಬದಿಯಡ್ಕದ ಕಂಪ್ಯೂಟರಿನ ಭಾಷೆಯ ಸೆಟ್ಟಿಂಗ್ ಮಲಯಾಳಕ್ಕೆ ಇಟ್ಟಿರುತ್ತಾರೆ. ಕನ್ನಡದ ಕಡತ ಸಿಗದಿದ್ದರೆ ಜಾವಾ ಯಂತ್ರದ ಸ್ವಂತ ಭಾಷೆಗೆ ಹೋಗುತ್ತದೆ, ಅಷ್ಟೇ. ನಮ್ಮ ಅಂಗಡಿಯಲ್ಲಿ ಇದೇ ಆಗಿತ್ತು.

ಪಯಸ್ವಿನಿ | ಸೋಮವಾರ, ರಾತ್ರಿ 10.34

ನೀವು ಹೇಳಿದ್ದು ನಿಜವೇ, ಆದರೆ ಇಲ್ಲಿಗೆ ಹೊಂದುವುದಿಲ್ಲ ಮಾರಾಯರೇ. ಕನ್ನಡದ ಕಡತ ಒಂದೂ ಸಿಗದೆ ಇದ್ದರೆ ಮಾತ್ರ ರಿಸೋರ್ಸ್‌ಬಂಡಲ್ (ಭಾಷೆಗೆ ತಕ್ಕ ಕಡತ ಆರಿಸುವ ಜಾವಾದ ವ್ಯವಸ್ಥೆ) ಯಂತ್ರದ ಭಾಷೆಯ ಕಡೆಗೆ ಹೊರಳುವುದು. ಆಗ ಬಿಲ್ಲು ಪೂರ್ತಿ ಮಲಯಾಳ ಆಗಬೇಕಿತ್ತು. ಇವರಿಗೆ ಆಗಿರುವುದು ಒಂದೇ ಸಾಲು. ಅಂದರೆ ಕನ್ನಡದ ಕಡತ ಸಿಕ್ಕಿದೆ, ಆ ಒಂದು ಕೀಲಿ ಮಾತ್ರ ಅದರಲ್ಲಿ ಇಲ್ಲ. ಇಲ್ಲದ್ದರಿಂದ ಬಾಲವಿಲ್ಲದ ಮೂಲ ಕಡತಕ್ಕೆ ಹೋಗಿದೆ.

ಚಾಲಿಅಡಿಕೆ | ಸೋಮವಾರ, ರಾತ್ರಿ 10.50

ಕೀಲಿ ಇಲ್ಲದೆ ಏನು? ಬಿಲ್ ಮಾಡ್ಯೂಲಿನ ಕೆಎನ್ ಕಡತವನ್ನು ಈಗಷ್ಟೇ ತೆರೆದು ನೋಡಿದೆ, 'ಒಟ್ಟು ಮೊತ್ತ' ಕಣ್ಣಮುಂದೆಯೇ ಇದೆ. ನಾಳೆ ಬೆಳಿಗ್ಗೆ ಬದಿಯಡ್ಕಕ್ಕೆ ಹೋಗಿ ಅಚ್ಚುಹಾಕಿಸಿ ತರುತ್ತೇನೆ.

ಅಕ್ಕಲಕೋಟೆ_ಕಾಕಾ | ಮಂಗಳವಾರ, ಬೆಳಿಗ್ಗೆ 6.30

ಹಳೆಯ ಗಾಯವೊಂದು ನೆನಪಾಯಿತು. ನಾನು ಸಿ ಪ್ಲಸ್ ಪ್ಲಸ್ ಕಾಲದವನು. ಸೋಲಾಪುರ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬಿನ ತೂಕದ ಚೀಟಿ ಕೊಡುವ ತಂತ್ರಾಂಶ ಮಾಡುತ್ತಿದ್ದೆವು, ಮೈಕ್ರೋಸಾಫ್ಟಿನ ಎಂಎಫ್‌ಸಿ ಲೈಬ್ರರಿ ಬಳಸಿ. ತೂಕದ್ದು ಒಂದು ಡಿಎಲ್‌ಎಲ್ (ವಿಂಡೋಸಿನ ಮಾಡ್ಯೂಲ್ ಕಡತ), ಹಣ ಪಾವತಿಯದು ಇನ್ನೊಂದು. ಗಾಡಿಯ ನಂಬರು ಕೇಳುವ ಕಿಟಕಿ ತೆರೆ ಎಂದರೆ ಮುಖ್ಯ ತಂತ್ರಾಂಶದ ಪಾಸ್‌ವರ್ಡ್ ಕೇಳುವ ಕಿಟಕಿ ತೆರೆಯುತ್ತಿತ್ತು. ಕಬ್ಬಿನ ಗಾಡಿಯವನು ಅದರಲ್ಲಿ ಗಾಡಿ ನಂಬರು ಬರೆಯುತ್ತಿದ್ದ, ಅದು 'ತಪ್ಪು ಪಾಸ್‌ವರ್ಡ್' ಎನ್ನುತ್ತಿತ್ತು. ಹೊರಗೆ ಗಾಡಿಗಳ ಸಾಲು ಒಂದು ಫರ್ಲಾಂಗು.

ಕಾರಣ ಇಷ್ಟೇ. ವಿಂಡೋಸ್‌ನಲ್ಲಿ ಕಿಟಕಿ, ಚಿತ್ರ, ಮಾತು ಇವೆಲ್ಲವಕ್ಕೂ ಸಂಖ್ಯೆ ಕೊಟ್ಟಿರುತ್ತಾರೆ. ಎರಡೂ ಕಡೆ 101 ಎಂಬ ಸಂಖ್ಯೆ ಇತ್ತು. ಯಾವ ಮಾಡ್ಯೂಲಿನ 101 ಎಂದು ಹೇಳದೆ ಹೋದರೆ ಎಂಎಫ್‌ಸಿ ಮೊದಲು ಮುಖ್ಯ ತಂತ್ರಾಂಶದ ಮನೆಯಲ್ಲೇ ಹುಡುಕುತ್ತದೆ. ಡಿಎಲ್‌ಎಲ್ ಹೊರಗೆ ಕೊಡುವ ಪ್ರತಿಯೊಂದು ಫಂಕ್ಷನ್ನಿನ ಮೊದಲ ಸಾಲಿಗೆ 'ಎಎಫ್‌ಎಕ್ಸ್ ಮ್ಯಾನೇಜ್ ಸ್ಟೇಟ್' ಎಂಬ ಮ್ಯಾಕ್ರೊ ಬರೆಯಬೇಕಿತ್ತು, ನಾವು ಬರೆದಿರಲಿಲ್ಲ. ಆ ಒಂದು ಸಾಲು ಸಿಗಲು ನನಗೆ ಎಂಟು ದಿನ ಹಿಡಿಯಿತು. ತಮ್ಮಾ, ನಿನಗೆ ಮೂರೇ ದಿನ ಆಗಿರುವುದು, ಧೈರ್ಯವಾಗಿರು.

ಬೈಟುಬೈಟು | ಮಂಗಳವಾರ, ಬೆಳಿಗ್ಗೆ 8.10

ಕಾಕಾ, ಫರ್ಲಾಂಗು ಎಂದರೆ ಈಗಿನವರಿಗೆ ಎಷ್ಟು ಬೈಟು ಎಂದು ಹೇಳಬೇಕು.

ಚಾಲಿಅಡಿಕೆ | ಮಂಗಳವಾರ, ಮಧ್ಯಾಹ್ನ 1.20

ಬದಿಯಡ್ಕದಿಂದಲೇ ಬರೆಯುತ್ತಿದ್ದೇನೆ. ಕೆಎನ್ ಬಾಲದ ಕಡತವನ್ನು ಕೇಳಿದಾಗ ಬಂದ ಉತ್ತರ (ದಾರಿಯನ್ನು ಕನ್ನಡದಲ್ಲಿ ಬರೆದಿದ್ದೇನೆ):

ಜಾರ್:ಫೈಲ್:/ಸಂಘ/ಲಿಬ್/ಸದಸ್ಯ.ಜಾರ್!/ಮೆಸೇಜಸ್_ಕೆಎನ್.ಪ್ರಾಪರ್ಟೀಸ್

ಸದಸ್ಯ! ಬಿಲ್ ಅಲ್ಲ! ಬಹುವಚನದ್ದು ಕೇಳಿದರೆ ಎರಡು ಸಾಲು: ಮೊದಲು ಸದಸ್ಯ, ಆಮೇಲೆ ಬಿಲ್. ಕುಂಬಳೆಯ ಗುಮಾಸ್ತರಿಗೆ ಫೋನ್ ಮಾಡಿ ಓಡಿಸಿ ಕೇಳಿದೆ. ಅಲ್ಲಿ ಮೊದಲು ಬಿಲ್, ಆಮೇಲೆ ಸದಸ್ಯ. ಒಂದೇ ಜಾರ್‌ಗಳಿಗೆ ಎರಡು ಊರಲ್ಲಿ ಎರಡು ಸರದಿ. ಇದು ಹೇಗೆ?

ಪಯಸ್ವಿನಿ | ಮಂಗಳವಾರ, ಮಧ್ಯಾಹ್ನ 1.32

ಕ್ಲಾಸ್‌ಪಾತ್‌ನಲ್ಲಿ, ಅಂದರೆ ಜಾವಾ ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿಯಲ್ಲಿ, ಜಾರ್‌ಗಳ ಹೆಸರು ಒಂದೊಂದಾಗಿ ಬರೆದಿದ್ದೀರೋ, ಅಥವಾ 'ಲಿಬ್' ಫೋಲ್ಡರಿನ ಮುಂದೆ ನಕ್ಷತ್ರ ಹಾಕಿ ಕೈ ತೊಳೆದುಕೊಂಡಿದ್ದೀರೋ?

ಚಾಲಿಅಡಿಕೆ | ಮಂಗಳವಾರ, ಮಧ್ಯಾಹ್ನ 1.33

ನಕ್ಷತ್ರ.

ಪಯಸ್ವಿನಿ | ಮಂಗಳವಾರ, ಮಧ್ಯಾಹ್ನ 1.58

ಹಾಗಾದರೆ ಗ್ರಹಚಾರವೂ ಅದರದೇ. ನಕ್ಷತ್ರ ಹಾಕಿದಾಗ ಜಾರ್‌ಗಳು ಯಾವ ಸರದಿಯಲ್ಲಿ ಬರುತ್ತವೆ ಎಂದು ಜಾವಾ ಮಾತು ಕೊಟ್ಟಿಲ್ಲ. ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು, ಅದೇ ಯಂತ್ರದಲ್ಲಿ ಇಂದಿಗೂ ನಾಳೆಗೂ ಬದಲಾಗಬಹುದು ಎಂದು ಜಾವಾ ದಾಖಲೆಯಲ್ಲೇ ಬರೆದಿದೆ. ವಾಸ್ತವದಲ್ಲಿ ಫೋಲ್ಡರಿನೊಳಗೆ ಏನೇನಿದೆ ಎಂದು ಕಡತ ವ್ಯವಸ್ಥೆ ಹೇಳುವ ಸರದಿಯೇ ಬರುತ್ತದೆ. ಕುಂಬಳೆಯದು ವಿಂಡೋಸ್ ಇರಬೇಕು. ಅದರ ಕಡತ ವ್ಯವಸ್ಥೆ ಎನ್‌ಟಿಎಫ್‌ಎಸ್ ಹೆಸರುಗಳನ್ನು ಅಕಾರಾದಿಯಾಗಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ಇಂಗ್ಲಿಷಿನ ಬಿ ಅಕ್ಷರದ ಬಿಲ್ ಮೊದಲು, ಎಸ್ ಅಕ್ಷರದ ಸದಸ್ಯ ಆಮೇಲೆ. ಬದಿಯಡ್ಕದಲ್ಲಿ ಲಿನಕ್ಸ್ ಇದೆಯೇ?

ಚಾಲಿಅಡಿಕೆ | ಮಂಗಳವಾರ, ಮಧ್ಯಾಹ್ನ 2.04

ಇದೆ! ಶಾಲೆಯಲ್ಲಿ ಉಬುಂಟು ಕಲಿತ ಹುಡುಗನೊಬ್ಬ ಅಲ್ಲಿ ಕೆಲಸಕ್ಕಿದ್ದಾನೆ, ವೈರಸ್ ಕಾಟ ಬೇಡ ಎಂದು ಅವನೇ ಹಾಕಿದ್ದು. ಅಕ್ಕ, ನಿಮಗೆ ಹೇಗೆ ಗೊತ್ತಾಯಿತು?

ಪಯಸ್ವಿನಿ | ಮಂಗಳವಾರ, ಮಧ್ಯಾಹ್ನ 2.11

ಕೇರಳದ ಶಾಲೆಗಳಲ್ಲಿ ಕಲಿತವರು ಎಲ್ಲಿದ್ದರೂ ಲಿನಕ್ಸ್ ಇರುತ್ತದೆ. ಅಲ್ಲಿನ ಕಡತ ವ್ಯವಸ್ಥೆ ಇಎಕ್ಸ್‌ಟಿ4 ದೊಡ್ಡ ಫೋಲ್ಡರುಗಳನ್ನು ಬೇಗ ಹುಡುಕಲು ಹೆಸರಿನಿಂದ ತೆಗೆದ ಒಂದು ಸಂಖ್ಯೆಯ (ಹ್ಯಾಶ್) ಲೆಕ್ಕದಲ್ಲಿ ಜೋಡಿಸಿಕೊಳ್ಳುತ್ತದೆ. ಅಕಾರಾದಿಗೂ ಅದಕ್ಕೂ ಸಂಬಂಧವಿಲ್ಲ. ಹುಡುಗನ ತಪ್ಪೇನಿಲ್ಲ, ಪಾಪ.

ಈಗ ಇನ್ನೊಂದು ಕೆಲಸ ಮಾಡಿ. ಬಾಲವಿಲ್ಲದ ಮೂಲ ಕಡತ ಎಲ್ಲಿಂದ ಬರುತ್ತದೆ ಎಂದು ಬೇರೆಯಾಗಿ ಕೇಳಿ. ಉತ್ತರ ಬಂದ ಮೇಲೆ ಮಾತಾಡೋಣ.

ಹೊಸೂರು_ಬಸ್ಸು | ಮಂಗಳವಾರ, ಸಂಜೆ 6.45

ದಿನಾ ಹೊಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುವವನು, ಬಸ್ಸಿನಿಂದಲೇ ಬರೆಯುತ್ತಿದ್ದೇನೆ. ಇದಕ್ಕೆಲ್ಲ ಸರಿಯಾದ ಮದ್ದು ಓಎಸ್‌ಜಿಐ, ಅಂದರೆ ಜಾವಾ ತಂತ್ರಾಂಶವನ್ನು ಬಂಡಲ್ ಎಂಬ ಮಾಡ್ಯೂಲುಗಳಾಗಿ ಓಡಿಸುವ ವ್ಯವಸ್ಥೆ. ಅಲ್ಲಿ ಪ್ರತಿಯೊಂದು ಬಂಡಲಿಗೂ ತನ್ನದೇ ಕ್ಲಾಸ್‌ಲೋಡರ್, ತನ್ನದೇ ಸಂಖ್ಯೆ. ಕೋಡ್ ಬರೆಯುವ ಸಲಕರಣೆ ಎಕ್ಲಿಪ್ಸ್ 2004ರಲ್ಲಿ 3.0 ಆವೃತ್ತಿಯಿಂದಲೇ ಅದರ ಮೇಲೆ ನಿಂತಿದೆ. ಅಲ್ಲಿ ರಿಸೋರ್ಸಿನ ಯುಆರ್‌ಎಲ್ ನೋಡಿದರೆ ಬಂಡಲ್‌ರಿಸೋರ್ಸ್ ಎಂದು ಶುರುವಾಗಿ ಮುಂದೆಯೇ ಬಂಡಲಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಬಂಡಲ್‌ಕಾಂಟೆಕ್ಸ್ಟನ್ನು ಕೇಳಿದರೆ ಒಡೆಯನ ಹೆಸರು, ಆವೃತ್ತಿ, ಎಲ್ಲ ಬಂತು. ಒಡೆತನದ ಪ್ರಶ್ನೆಯೇ ಏಳುವುದಿಲ್ಲ.

ಅಕ್ಕಲಕೋಟೆ_ಕಾಕಾ | ಮಂಗಳವಾರ, ಸಂಜೆ 7.20

ಏಳುತ್ತದೆ. ನಿಮ್ಮ ಓಎಸ್‌ಜಿಐಯಲ್ಲಿ ಫ್ರ್ಯಾಗ್‌ಮೆಂಟ್ ಎಂದು ಒಂದಿದೆಯಲ್ಲ, ಅದನ್ನೇಕೆ ಹೇಳಲಿಲ್ಲ? ಅನುವಾದಗಳನ್ನು ಹೆಚ್ಚಾಗಿ ಅದರಲ್ಲೇ ಕೊಡುತ್ತಾರೆ. ಫ್ರ್ಯಾಗ್‌ಮೆಂಟಿಗೆ ಸ್ವಂತ ಕ್ಲಾಸ್‌ಲೋಡರ್ ಇಲ್ಲ, ಯಜಮಾನ ಬಂಡಲಿನ ಜೊತೆ ಸೇರಿಕೊಂಡುಬಿಡುತ್ತದೆ. ಕಡತ ಇರುವುದು ಫ್ರ್ಯಾಗ್‌ಮೆಂಟಿನ ಜಾರಿನಲ್ಲಿ, ಕ್ಲಾಸ್‌ಲೋಡರ್ ಯಜಮಾನನದು. ಒಡೆಯ ಯಾರು ಹೇಳಿ.

ಹೊಸೂರು_ಬಸ್ಸು | ಮಂಗಳವಾರ, ಸಂಜೆ 7.31

ಯಜಮಾನ ಬಂಡಲ್. ಲೋಡ್ ಮಾಡಿದವನೇ ಒಡೆಯ.

ಬೈಟುಬೈಟು | ಮಂಗಳವಾರ, ಸಂಜೆ 7.33

ತಪ್ಪು. ಕಡತ ಯಾರ ಜಾರಿನಲ್ಲಿದೆಯೋ ಅವನು. ದೋಷ ಸರಿಪಡಿಸಬೇಕಾದವನು ಅವನೇ ತಾನೇ?

ಅಕ್ಕಲಕೋಟೆ_ಕಾಕಾ | ಮಂಗಳವಾರ, ಸಂಜೆ 7.50

ಇಬ್ಬರೂ ಸ್ವಲ್ಪ ಕೇಳಿ. ನಮ್ಮ ಮಹಾರಾಷ್ಟ್ರದಲ್ಲಿ ಹೊಲದ ಕಾಗದಕ್ಕೆ ಸಾತ್‌ಬಾರಾ ಉತಾರಾ ಎನ್ನುತ್ತಾರೆ. ಅದು ಎರಡು ನಮೂನೆ ಸೇರಿದ್ದು. 7ನೆಯ ನಮೂನೆಯಲ್ಲಿ ಹೊಲ ಯಾರ ಹೆಸರಿನಲ್ಲಿದೆ ಎಂದು ಇರುತ್ತದೆ, 12ನೆಯದರಲ್ಲಿ ಅಲ್ಲಿ ಯಾವ ಬೆಳೆ ಇದೆ ಎಂದು. ಬರಿ 12 ನೋಡಿ ಹೊಲ ಕೊಂಡವನು ಕೆಟ್ಟ. ನಮ್ಮ ಗೊಂದಲವೂ ಅದೇ. ಕಡತ ಯಾವ ಜಾರಿನಲ್ಲಿ ಕುಳಿತಿದೆ ಎಂಬುದು ಒಂದು ನಮೂನೆ, ಯಾವ ಲೋಡರ್ ಅದನ್ನು ಎತ್ತಿ ಯಾರಿಗೆ ಬಡಿಸುತ್ತಿದೆ ಎಂಬುದು ಇನ್ನೊಂದು. ಎರಡನ್ನೂ ತೆಗೆಸಬೇಕು. ಓಎಸ್‌ಜಿಐಯಲ್ಲೂ ಎರಡಕ್ಕೆ ಎರಡು ಬಾಗಿಲು ಇವೆ: ಬಂಡಲಿನ ಗೆಟ್‌ಎಂಟ್ರಿ ಲೋಡರನ್ನು ಕೇಳದೆ ಬಂಡಲಿನೊಳಗೇ ನೋಡುತ್ತದೆ, ಗೆಟ್‌ರಿಸೋರ್ಸ್ ಲೋಡರಿನ ದಾರಿಯಲ್ಲಿ ಹೋಗಿ ಆಮದು ಮಾಡಿಕೊಂಡ ಪ್ಯಾಕೇಜುಗಳನ್ನೂ (ಜಾರಿನೊಳಗಿನ ಹೆಸರಿಟ್ಟ ಫೋಲ್ಡರುಗಳನ್ನೂ) ನೋಡಿ ಬರುತ್ತದೆ. ಎರಡರ ಉತ್ತರ ಬೇರೆಯಾದರೆ ಅಲ್ಲೇ ಕಳ್ಳ.

ನೀರ್ಚಾಲು_ಮೇಷ್ಟ್ರು | ಮಂಗಳವಾರ, ರಾತ್ರಿ 8.15

ನನಗೆ ಜಾರ್ ಎಂದರೆ ಉಪ್ಪಿನಕಾಯಿಯದು ಮಾತ್ರ ಗೊತ್ತು. ಆದರೂ ಈ ಎಳೆಯನ್ನು ಪೂರ್ತಿ ಓದಿದೆ, ಯಾಕೆಂದರೆ ನಮ್ಮ ಊರಿನ ಕಥೆಯೂ ಇದೇ ಅಲ್ಲವೇ. ಕಾಸರಗೋಡು ತಾಲೂಕು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಸೇರಲಿಲ್ಲ. ಕಡತ ಒಂದು ಜಾರಿನಲ್ಲಿ, ಓದುವವರು ಇನ್ನೊಂದರಲ್ಲಿ. ಬಿಲ್ಲಿನ ಒಂದು ಸಾಲಿಗೆ ಇಷ್ಟು ತಲೆಕೆಡಿಸಿಕೊಂಡಿದ್ದೀರಿ, ಸಂತೋಷ. ನಮ್ಮ ಎಷ್ಟೋ ಅರ್ಜಿ ನಮೂನೆಗಳಲ್ಲಿ ಪೂರ್ತಿ ಹಾಳೆಯೇ 'ಆಕೆ ತುಕ'.

ಮಂಜೇಶ್ವರ_ಲೋಕಲ್ | ಮಂಗಳವಾರ, ರಾತ್ರಿ 8.22

ಮೇಷ್ಟ್ರೇ, ಮಲಯಾಳ ಓದಲು ಕಲಿತರೆ ಮುಗಿಯಿತಲ್ಲ? ನಾನು ಉಪ್ಪಳದ ಬಸ್ಸಿನ ಬೋರ್ಡು ನೋಡಿಯೇ ಕಲಿತೆ.

ನೀರ್ಚಾಲು_ಮೇಷ್ಟ್ರು | ಮಂಗಳವಾರ, ರಾತ್ರಿ 8.29

ನನಗೂ ಓದಲು ಬರುತ್ತದೆ ಮಾರಾಯ. ಎಂಬತ್ತು ದಾಟಿದ ನನ್ನ ಅಕ್ಕನಿಗೆ ಬರುವುದಿಲ್ಲ, ಅಡಿಕೆ ಮಾರುವವಳು ಅವಳು.

ನಿರ್ವಾಹಕ | ಮಂಗಳವಾರ, ರಾತ್ರಿ 8.40

ಗಡಿಯ ವಿಚಾರಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ದಯಮಾಡಿಸಿ. ಮೇಷ್ಟ್ರ ಕೊನೆಯ ಮಾತನ್ನು ಮಾತ್ರ ಇಲ್ಲೇ ಬಿಟ್ಟಿದ್ದೇನೆ.

ಚಾಲಿಅಡಿಕೆ | ಮಂಗಳವಾರ, ರಾತ್ರಿ 9.25

ಪಯಸ್ವಿನಿ ಅಕ್ಕ, ಮೂಲ ಕಡತ ಬರುತ್ತಿರುವುದು ಬಿಲ್.ಜಾರಿನಿಂದ. ಸದಸ್ಯ.ಜಾರಿನಲ್ಲಿ ಮೂಲ ಕಡತವೇ ಇಲ್ಲ, ಕೆಎನ್ ಬಾಲದ್ದು ಒಂದೇ ಇದೆ.

ನಡುವೆ ಇನ್ನೊಂದು ಎಡವಟ್ಟು. ಸಂಜೆಯೊಳಗೆ ಬಿಲ್ಲು ಸರಿಯಾಗಬೇಕು ಎಂದು ಕಾರ್ಯದರ್ಶಿಯವರು ತಲೆಯ ಮೇಲೆ ಕುಳಿತರು. ಸದಸ್ಯದ ಕೆಎನ್ ಕಡತವನ್ನು ತೆರೆದು ಕೊನೆಗೆ 'ಒಟ್ಟು ಮೊತ್ತ' ಎಂದು ನೇರವಾಗಿ ಕನ್ನಡದಲ್ಲಿ ಟೈಪು ಮಾಡಿ ಉಳಿಸಿದೆ. ಈಗ ಬಿಲ್ಲಿನಲ್ಲಿ ತಲೆಯ ಮೇಲೆ ಗೀರಿರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2, ಮತ್ತೆ ಗೀರಿನ ಎ, ಪುಟ್ಟ 3, ಹೀಗೆ ಉದ್ದಕ್ಕೆ. ಕಾರ್ಯದರ್ಶಿಯವರು ಇದು ಯಾವ ದೇಶದ ಭಾಷೆ ಎಂದರು.

ಆದೋನಿ_ಹತ್ತಿ | ಮಂಗಳವಾರ, ರಾತ್ರಿ 9.48

ಅದು ಕನ್ನಡವೇ! ಈ ಗುರುತುಗಳ ಮೇಲೆ ನಾನು ಪಿಎಚ್‌ಡಿ ಮಾಡಬಹುದು.

ಜಾವಾ 8 ಪ್ರಾಪರ್ಟೀಸ್ ಕಡತವನ್ನು ಲ್ಯಾಟಿನ್-1, ಅಂದರೆ ಒಂದು ಬೈಟಿಗೆ ಒಂದು ಅಕ್ಷರ, ಎಂದುಕೊಂಡೇ ಓದುತ್ತದೆ. ನೀವು ಉಳಿಸಿದ್ದು ಯುಟಿಎಫ್-8ರಲ್ಲಿ, ಅಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಬೈಟು. ಮೂರನ್ನೂ ಬಿಡಿಬಿಡಿಯಾಗಿ ಓದಿದಾಗ ಮೊದಲನೆಯದು ಗೀರಿನ ಎ ಆಗುತ್ತದೆ. ಭಾರತದ ಹೆಚ್ಚಿನ ಲಿಪಿಗಳಿಗೆ ಅದು ಸಮಾನ. ಎರಡನೆಯದರಲ್ಲಿ ಲಿಪಿಯ ಗುಟ್ಟು. ಪುಟ್ಟ 2 ಮತ್ತು ಪುಟ್ಟ 3 ಬಂದರೆ ಕನ್ನಡ: ವ್ಯಂಜನಗಳೆಲ್ಲ 2ರ ಪಾಳಿ, ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನೆ 3ರ ಪಾಳಿ. ನಮ್ಮ ಕಡೆ ತೆಲುಗು ಕೆಟ್ಟಾಗ ಉಷ್ಣಾಂಶ ಬರೆಯುವ ಡಿಗ್ರಿ ಸೊನ್ನೆ ಮತ್ತು ಕೂಡು-ಕಳೆ ಚಿಹ್ನೆ. ಮಲಯಾಳಕ್ಕೆ ಬರಿಯ ಗೀರು ಮತ್ತು ಗ್ರೀಕಿನ ಮ್ಯೂ. ತಮಿಳಿಗೆ ವೃತ್ತದೊಳಗಿನ ಆರ್, ಅಂದರೆ ನೋಂದಾಯಿತ ಮುದ್ರೆ, ಮತ್ತು ಮೇಲೆ ಒಂದು ಅಡ್ಡಗೆರೆ. ಮರಾಠಿಗೆ ಜಪಾನಿನ ಯೆನ್ ಚಿಹ್ನೆ. ಹತ್ತಿ ಮಾರುಕಟ್ಟೆಯ ಚೀಟಿಯಲ್ಲಿ ಡಿಗ್ರಿ ಚಿಹ್ನೆಗಳ ನಡುವೆ ಒಂದು ಪುಟ್ಟ 2 ಕಂಡು, ಓಹೋ ಈ ಸಾಲು ಕನ್ನಡದ ಕಡತದಿಂದ ನುಸುಳಿದೆ ಎಂದು ಎರಡು ನಿಮಿಷದಲ್ಲಿ ಹಿಡಿದಿದ್ದೇನೆ.

ಮದ್ದು: ಜಾವಾ 8ರ ಜೊತೆ ಬರುವ ನೇಟಿವ್‌ಟುಆಸ್ಕಿ ಸಲಕರಣೆಯಿಂದ ಕಡತವನ್ನು ಪರಿವರ್ತಿಸಿ. ಜಾವಾ 9ರಿಂದ ರಿಸೋರ್ಸ್‌ಬಂಡಲ್ ಯುಟಿಎಫ್-8 ಓದುತ್ತದೆ, ಆ ಸಲಕರಣೆಯನ್ನೂ ತೆಗೆದುಹಾಕಿದರು.

ಹೊಸೂರು_ಬಸ್ಸು | ಮಂಗಳವಾರ, ರಾತ್ರಿ 9.55

ನಮ್ಮ ತಮಿಳಿಗೆ ನೋಂದಾಯಿತ ಮುದ್ರೆಯೇ ಸಿಕ್ಕಿದೆ. ಪುಟ್ಟ 2, 3 ಇಟ್ಟುಕೊಂಡು ನೀವು ಮಗ್ಗಿ ಹೇಳಿಕೊಳ್ಳಿ.

ಅಕ್ಕಲಕೋಟೆ_ಕಾಕಾ | ಮಂಗಳವಾರ, ರಾತ್ರಿ 10.02

ಯೆನ್ ನಮ್ಮದು. ದುಡ್ಡಿರುವವರು ನಾವೇ.

ಪಯಸ್ವಿನಿ | ಮಂಗಳವಾರ, ರಾತ್ರಿ 10.30

ಆದೋನಿಯವರಿಗೆ ನಮಸ್ಕಾರ, ಇದನ್ನು ಗೋಡೆಗೆ ಅಂಟಿಸಿಕೊಳ್ಳುತ್ತೇನೆ. ಒಂದು ಮಾತು ಸೇರಿಸಲೇಬೇಕು: ಜಾವಾ 9ರ ನಂತರವೂ ರಿಸೋರ್ಸ್‌ಬಂಡಲ್ ಬಿಟ್ಟು ಪ್ರಾಪರ್ಟೀಸ್ ಕ್ಲಾಸಿನ ಲೋಡ್ ವಿಧಾನಕ್ಕೆ ನೇರವಾಗಿ ಸ್ಟ್ರೀಮ್ ಕೊಟ್ಟರೆ ಅದು ಇಂದಿಗೂ ಲ್ಯಾಟಿನ್-1 ಎಂದೇ ಓದುತ್ತದೆ.

ಈಗ ಚಾಲಿ ಅವರ ಗಂಟು ಬಿಚ್ಚುತ್ತೇನೆ. ನಾವೆಲ್ಲ 'ಈ ಮೆಸೇಜಸ್ ಕಡತದ ಒಡೆಯ ಯಾರು' ಎಂದು ಏಕವಚನದಲ್ಲಿ ಕೇಳುತ್ತಿದ್ದೆವು, ಎಡವಿದ್ದು ಅಲ್ಲೇ. ಮೆಸೇಜಸ್ ಕೊಡು ಎಂದಾಗ ರಿಸೋರ್ಸ್‌ಬಂಡಲ್ ಒಂದು ಕಡತ ತರುವುದಿಲ್ಲ, ಸರಪಳಿ ಕಟ್ಟುತ್ತದೆ. ಮೊದಲು ಕೆಎನ್ ಬಾಲದ್ದನ್ನು ಹುಡುಕುತ್ತದೆ, ಅದಕ್ಕೆ ಹೆತ್ತವರಾಗಿ ಬಾಲವಿಲ್ಲದ್ದನ್ನು ಹುಡುಕುತ್ತದೆ. ಎರಡು ಹುಡುಕಾಟವೂ ಬೇರೆ ಬೇರೆ. ಎರಡೂ ಒಂದೇ ಜಾರಿನಿಂದ ಬರಬೇಕು ಎಂಬ ಕಟ್ಟುಪಾಡು ಇಲ್ಲ. ಬದಿಯಡ್ಕದಲ್ಲಿ ಮಗು ಸದಸ್ಯದ ಮನೆಯದು, ತಾಯಿ ಬಿಲ್ಲಿನ ಮನೆಯವಳು. ಸದಸ್ಯದ ಕನ್ನಡ ಕಡತದಲ್ಲಿ ಕರಿಗೋಟಿನವರೆಗೆ ಎಲ್ಲ ಕೀಲಿ ಇವೆ, ಒಟ್ಟು ಮೊತ್ತದ್ದಿಲ್ಲ. ಇಲ್ಲದ್ದನ್ನು ತಾಯಿಯ ಹತ್ತಿರ ಕೇಳಿತು, ತಾಯಿ ಮಲಯಾಳದಲ್ಲಿ ಹೇಳಿದಳು. ಕುಂಬಳೆಯಲ್ಲಿ ಬಿಲ್ಲಿನದೇ ಮಗು ಮೊದಲು ಸಿಕ್ಕಿದ್ದರಿಂದ ತಾಯಿಯನ್ನು ಕೇಳುವ ಪ್ರಮೇಯವೇ ಬರಲಿಲ್ಲ.

ಉಳಿದಿರುವ ಪ್ರಶ್ನೆ ಒಂದೇ. ಅಡಿಕೆಯ ದರ್ಜೆಗಳ ಹೆಸರು ಸದಸ್ಯ ಮಾಡ್ಯೂಲಿನ ಕಡತದಲ್ಲಿ ಮಾಡುತ್ತಿರುವುದೇನು? ಸದಸ್ಯರ ಹೆಸರು, ವಿಳಾಸ, ಪಾಲು ಬಂಡವಾಳಕ್ಕೆ ಪಟೋರ ಯಾಕೆ ಬೇಕು?

ಚಾಲಿಅಡಿಕೆ | ಮಂಗಳವಾರ, ರಾತ್ರಿ 11.05

ಅದನ್ನು ಬೆಳಿಗ್ಗೆ ಹೇಳುತ್ತೇನೆ.

ಬೈಟುಬೈಟು | ಮಂಗಳವಾರ, ರಾತ್ರಿ 11.06

ನನಗೆ ಈಗಲೇ ಗೊತ್ತಾಯಿತು.

ಹೊಸೂರು_ಬಸ್ಸು | ಬುಧವಾರ, ಬೆಳಿಗ್ಗೆ 7.15

ಪತ್ತೆ ಹಚ್ಚಲು ಒಂದು ಬಡವರ ಉಪಾಯವೂ ಇದೆ. ಪ್ರತಿ ಮಾಡ್ಯೂಲಿನ ಕಡತದ ಮೊದಲ ಸಾಲಿನಲ್ಲಿ 'ಮನೆ' ಎಂಬ ಕೀಲಿ ಇಟ್ಟು ಎದುರಿಗೆ ಮಾಡ್ಯೂಲಿನ ಹೆಸರು ಬರೆಯಿರಿ. ಓಡುವಾಗ ಆ ಕೀಲಿ ಕೇಳಿದರೆ ಯಾರ ಮನೆಯದು ಎಂದು ತಾನೇ ಹೇಳುತ್ತದೆ. ತಾಯಿ-ಮಗು ಬೇರೆ ಮನೆಯವರಾದರೆ ಮಗುವಿನ ಉತ್ತರ ಮಾತ್ರ ಸಿಗುತ್ತದೆ ಎಂದು ಅಕ್ಕ ತಕರಾರು ತೆಗೆಯುತ್ತಾರೆ, ಗೊತ್ತು. ಅದಕ್ಕೆ ತಾಯಿಗೆ 'ತಾಯಿಮನೆ' ಎಂದು ಬೇರೆ ಕೀಲಿ.

ಬೈಟುಬೈಟು | ಬುಧವಾರ, ಬೆಳಿಗ್ಗೆ 8.40

ಇದೆಲ್ಲ ಹಳೆಯ ಜಾವಾ ಗೋಳು. 2017ರ ಸೆಪ್ಟೆಂಬರಿನಲ್ಲಿ ಜಾವಾ 9 ಬಂದು ಮಾಡ್ಯೂಲ್ ಎಂಬುದು ಭಾಷೆಯೊಳಗೇ ಸೇರಿತಲ್ಲ. 17ಕ್ಕೆ ಹತ್ತಿ ಕುಳಿತುಕೊಳ್ಳಿ, ಎಲ್ಲ ಪರಿಹಾರ.

ಪಯಸ್ವಿನಿ | ಬುಧವಾರ, ಬೆಳಿಗ್ಗೆ 9.10

ಅರ್ಧ ಪರಿಹಾರ, ಅರ್ಧ ಹೊಸ ತಲೆನೋವು.

ಪರಿಹಾರದ ಭಾಗ: ಒಂದೇ ಪ್ಯಾಕೇಜನ್ನು ಎರಡು ಮಾಡ್ಯೂಲುಗಳು ಹಂಚಿಕೊಂಡಿದ್ದರೆ ತಂತ್ರಾಂಶ ಶುರುವಾಗುವಾಗಲೇ ದೋಷ ಎಂದು ನಿಂತುಬಿಡುತ್ತದೆ. ಹಾಗಾಗಿ ರಿಸೋರ್ಸಿನ ದಾರಿಯಲ್ಲಿರುವ ಓರೆಗೆರೆಗಳನ್ನು ಚುಕ್ಕಿ ಮಾಡಿ ಪ್ಯಾಕೇಜಿನ ಹೆಸರು ತೆಗೆದು, ಬೂಟ್ ಲೇಯರಿನ, ಅಂದರೆ ಶುರುವಿನಲ್ಲೇ ಸೇರಿದ, ಪ್ರತಿ ಮಾಡ್ಯೂಲಿಗೂ ಗೆಟ್‌ಪ್ಯಾಕೇಜಸ್ ಎಂದು ಕೇಳುತ್ತಾ ಹೋದರೆ ಒಡೆಯ ಒಬ್ಬನೇ ಸಿಗುತ್ತಾನೆ. ಇನ್ನೂ ಒಳಗೆ ಇಳಿಯಬೇಕಾದರೆ ಮಾಡ್ಯೂಲ್‌ರೀಡರ್ ತೆರೆದು ಅದರೊಳಗಿನ ಎಲ್ಲ ಹೆಸರುಗಳ ಪಟ್ಟಿಯನ್ನೇ ತೆಗೆಸಬಹುದು.

ತಲೆನೋವಿನ ಭಾಗ: ಪ್ಯಾಕೇಜಿನೊಳಗಿನ ರಿಸೋರ್ಸ್ ಈಗ ಮಾಡ್ಯೂಲಿನ ಅಡುಗೆಮನೆ. 'ಓಪನ್ಸ್' ಎಂದು ಬರೆದು ಬಾಗಿಲು ತೆರೆಯದಿದ್ದರೆ ಹೊರಗಿನವರಿಗೆ ಗೆಟ್‌ರಿಸೋರ್ಸ್ ಸುಮ್ಮನೆ ನಲ್ (ಏನೂ ಇಲ್ಲ ಎಂಬ ಉತ್ತರ) ಕೊಡುತ್ತದೆ. ಕಡತ ಜಾರಿನಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ, ಕೋಡಿಗೆ ಕಾಣುವುದಿಲ್ಲ. ಆಗ ಇದೇ ವೇದಿಕೆಯಲ್ಲಿ 'ಕಡತ ಇದೆ, ಆದರೆ ಇಲ್ಲ' ಎಂದು ಎಳೆ ತೆಗೆಯುತ್ತೀರಿ. ಅದೂ ಅಲ್ಲದೆ, ಚಾಲಿ ಅವರ ಹಾಗೆ ಕಡತವನ್ನು ಯಾವ ಪ್ಯಾಕೇಜಿಗೂ ಹಾಕದೆ ಜಾರಿನ ಅಂಗಳದಲ್ಲೇ ಬಿಟ್ಟರೆ ಈ ರಕ್ಷಣೆ ಯಾವುದೂ ಅದಕ್ಕಿಲ್ಲ. ಹಳೆಯ ಹಾಗೆ ಕ್ಲಾಸ್‌ಪಾತ್‌ನಲ್ಲೇ ಓಡಿಸಿದರೆ 17ರಲ್ಲೂ ಇದೇ ಜಗಳ.

ಆದ್ದರಿಂದ ಮೊದಲು ಜಾವಾ 8ರಲ್ಲೇ ಬಿಲ್ಲಿನದನ್ನು ಬಿಲ್ಲಿನ ಪ್ಯಾಕೇಜಿನೊಳಗೆ, ಸದಸ್ಯದ್ದನ್ನು ಸದಸ್ಯದ ಪ್ಯಾಕೇಜಿನೊಳಗೆ ಇಟ್ಟು ಪೂರ್ತಿ ಹೆಸರಿನಿಂದ ಕರೆಯಿರಿ. ನಕ್ಷತ್ರ ತೆಗೆದು ಬಿಲ್ಲನ್ನು ಮೊದಲು ಬರೆದರೂ ಇವತ್ತಿಗೆ ಸರಿಹೋಗುತ್ತದೆ, ಆದರೆ ಮುಂದಿನ ಸಲ ಇನ್ನೊಬ್ಬರು ಸರದಿ ಬದಲಿಸಿದರೆ ಅದೇ ಹಾಡು.

ಚಾಲಿಅಡಿಕೆ | ಬುಧವಾರ, ಮಧ್ಯಾಹ್ನ 12.50

ಸರಿ, ಹೇಳಿಬಿಡುತ್ತೇನೆ. ಸದಸ್ಯ ಮಾಡ್ಯೂಲಿಗೆ ಕೈ ಹಾಕಿದ್ದು ನಾನು. ಎರಡು ವರ್ಷದ ಹಿಂದೆ, ಕನ್ನಡದ ಕಡತ ಹೊಸದಾಗಿ ಬರೆಯಲು ಸೋಮಾರಿತನವಾಗಿ ಬಿಲ್ಲಿನದನ್ನು ಇಡಿಯಾಗಿ ನಕಲು ಮಾಡಿ, ತಲೆಯಲ್ಲಿ ನಾಲ್ಕು ಸಾಲು ಸೇರಿಸಿ ಹಾಕಿದ್ದೆ. ಬೇಡದ್ದನ್ನು ಆಮೇಲೆ ಅಳಿಸೋಣ ಎಂದುಕೊಂಡಿದ್ದೆ. ಆಗ ಬಿಲ್ಲಿನಲ್ಲಿ ದರ್ಜೆವಾರು ಮೊತ್ತ ಮಾತ್ರ ಇತ್ತು. ಒಟ್ಟು ಮೊತ್ತದ ಸಾಲು ಸೇರಿದ್ದು ಕಳೆದ ವರ್ಷ, ಬಿಲ್ಲಿನ ಕಡತಕ್ಕೆ ಮಾತ್ರ. ಅಷ್ಟರಲ್ಲಿ ನಕಲಿನ ವಿಷಯ ನನಗೇ ಮರೆತುಹೋಗಿತ್ತು.

ಅಕ್ಕ ಹೇಳಿದ ಹಾಗೆ ಎರಡನ್ನೂ ಅವರವರ ಪ್ಯಾಕೇಜಿಗೆ ಹಾಕಿದೆ. ಸದಸ್ಯದ ಕಡತದಿಂದ ಅಡಿಕೆಯನ್ನೆಲ್ಲ ಹೊರಗೆ ಹಾಕಿದೆ. ನೇಟಿವ್‌ಟುಆಸ್ಕಿಯಲ್ಲಿ ಪರಿವರ್ತಿಸಿದೆ. ಈಗ ಬದಿಯಡ್ಕದಲ್ಲಿ ಅಚ್ಚಾದ ಬಿಲ್ಲು ನನ್ನ ಕೈಯಲ್ಲಿದೆ, ಕೊನೆಯ ಸಾಲು 'ಒಟ್ಟು ಮೊತ್ತ'. ಕಾರ್ಯದರ್ಶಿಯವರಿಗೆ ನಕಲಿನ ವಿಷಯ ಹೇಳಿಲ್ಲ, ಲಿನಕ್ಸಿನ ಸರದಿಯ ವಿಷಯ ಮಾತ್ರ ಹೇಳಿದ್ದೇನೆ.

ಬೈಟುಬೈಟು | ಬುಧವಾರ, ಮಧ್ಯಾಹ್ನ 12.58

ಹುಡುಗನ ಮೇಲೆ ಹಾಕಿದಿರಿ ಎನ್ನಿ.

ಚಾಲಿಅಡಿಕೆ | ಬುಧವಾರ, ಮಧ್ಯಾಹ್ನ 1.15

ಇಲ್ಲ ಇಲ್ಲ, ಅವನಿಗೆ ಗೋಳಿಬಜೆ ಕೊಡಿಸಿದೆ.

ನೀರ್ಚಾಲು_ಮೇಷ್ಟ್ರು | ಬುಧವಾರ, ಸಂಜೆ 5.30

ಅಕ್ಕನಿಗೆ ಓದಿ ಹೇಳಿದೆ. ಬಿಲ್ಲು ಸರಿಯಾದದ್ದು ಒಳ್ಳೆಯದಾಯಿತು, ಚಾಲಿಗೆ ರೇಟು ಎಷ್ಟಂತೆ ಎಂದು ಕೇಳಿದಳು.

ಮಂಜೇಶ್ವರ_ಲೋಕಲ್ | ಬುಧವಾರ, ರಾತ್ರಿ 8.05

ಎಲ್ಲ ಮುಗಿಯಿತಲ್ಲ, ಈಗ ನನ್ನದೊಂದು. ನಮ್ಮ ಅಂಗಡಿಯ ತಂತ್ರಾಂಶದಲ್ಲಿ ಮಾತೆಲ್ಲ ಕನ್ನಡ, ತಿಂಗಳ ಹೆಸರು ಮಾತ್ರ ಇಂಗ್ಲಿಷ್. ಅದನ್ನು ಯಾವ ಜಾರಿನಲ್ಲಿ ಹುಡುಕಲಿ?

ಪಯಸ್ವಿನಿ | ಬುಧವಾರ, ರಾತ್ರಿ 8.20

ಅದು ನಿಮ್ಮ ಯಾವ ಜಾರಿನಲ್ಲೂ ಇಲ್ಲ, ಜಾವಾದ ಹೊಟ್ಟೆಯಲ್ಲಿದೆ. ಯಾವ ಆವೃತ್ತಿ ಎಂದು ಬರೆದು ಬೇರೆ ಎಳೆ ತೆಗೆಯಿರಿ, 8 ಆಗಿದ್ದರೆ ಉತ್ತರ ಒಂದೇ ಸಾಲಿನದು.